ನೇರಳೆ ಮರದ ಏಳನೆಯ ಬುಟ್ಟಿ

ಸಾಗರದ ಪಾರ್ಕಿನಲ್ಲಿ ಬಿಲ್ಲೆಯಾಟ ಶುರುಮಾಡಿಸಿದವನು ನಾನು. ಅದರಿಂದ ಊರಿಗೆ ಏನು ಒಳ್ಳೆಯದಾಯಿತು ಎಂದು ಯಾರಾದರೂ ಕೇಳಿದರೆ ಒಂದು ಸಂಜೆ ಪೂರ್ತಿ ಹೇಳಬಲ್ಲೆ. ಕೆಟ್ಟದ್ದು ಏನಾಯಿತು ಎಂದು ಕೇಳಿದರೆ ಒಂದೇ ಮಾತು: ನಮ್ಮ ಅಕ್ಕ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲಿಲ್ಲ.

ಅಕ್ಕ ಎಂದರೆ ದೊಡ್ಡಪ್ಪನ ಮಗಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ನಮ್ಮದು ಮೂಲದಲ್ಲಿ ತೀರ್ಥಹಳ್ಳಿ ಸೀಮೆ, ಅರಳಸುರಳಿಯ ಹತ್ತಿರ. ದೊಡ್ಡಪ್ಪ ಸಾಗರದ ಅಡಿಕೆ ಮಂಡಿಯೊಂದಕ್ಕೆ ಕೆಲಸಕ್ಕೆಂದು ಬಂದವರು ಅಲ್ಲೇ ಮನೆ ಮಾಡಿದರು. ಎಪ್ಪತ್ತರ ದಶಕದ ಕೊನೆಗೆ ನನಗೂ ಅದೇ ಊರಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿದ್ದರಿಂದ ಅವರ ಮನೆಯಲ್ಲೇ ಉಳಿದೆ. ನಾನು ಹೋಗುವ ಹೊತ್ತಿಗೆ ಅಕ್ಕ ಗಂಡನ ಮನೆಯಿಂದ ವಾಪಸು ಬಂದು ಒಂದು ವರ್ಷವಾಗಿತ್ತು. ಅವಳನ್ನು ಕೊಟ್ಟಿದ್ದು ಹೊಸನಗರದ ಕಡೆಗೆ. ಮದುವೆಯಾದ ಮೂರನೆಯ ವರ್ಷ ಒಂದು ಟ್ರಂಕು ಹಿಡಿದುಕೊಂಡು ಬೆಳಗಿನ ಬಸ್ಸಿಗೆ ಬಂದು ಇಳಿದಳಂತೆ. ಏನಾಯಿತು ಎಂದು ಕೇಳುವ ಧೈರ್ಯ ದೊಡ್ಡಮ್ಮನಿಗೆ ಮಾತ್ರ ಇತ್ತು. ಅವರು ಕೇಳಿ, ತಿಳಿದುಕೊಂಡು, ಬಾಯಿ ಮುಚ್ಚಿಕೊಂಡರು.

ದೊಡ್ಡಪ್ಪನಿಗೆ ಮಾತ್ರ ಇವತ್ತಲ್ಲ ನಾಳೆ ರಾಜಿಯಾಗುತ್ತದೆ ಎಂಬ ಆಸೆ. ಮಗಳು ಹೊರಗೆ ಹೆಚ್ಚು ಕಾಣಿಸಿಕೊಳ್ಳಬಾರದು, ಕೆಲಸ ಗಿಲಸ ಎಂದು ಹೊರಡಬಾರದು. ಹೊರಟರೆ 'ಅವಳಿಗೇ ವಾಪಸು ಬರುವ ಮನಸ್ಸಿಲ್ಲ' ಎಂದು ಬೀಗರು ಮಾತು ಹಿಡಿಯುತ್ತಾರೆ ಎನ್ನುವುದು ಅವರ ಲೆಕ್ಕಾಚಾರ.

ಅಕ್ಕ ಓದಿದ್ದು ಏಳನೆಯ ಕ್ಲಾಸು. ಎಸ್ಸೆಸ್ಸೆಲ್ಸಿ ಒಂದಾಗಿದ್ದರೆ ಬಾಲವಾಡಿಯಲ್ಲಿ ಟೀಚರ್ ಕೆಲಸ ಸಿಗುತ್ತದೆ ಎಂದು ಅವಳ ತಲೆಗೆ ಹಾಕಿದವರು ಮಿಡ್ಲ್ ಸ್ಕೂಲಿನ ಒಬ್ಬ ಟೀಚರಮ್ಮ. ಬಯಲುಸೀಮೆಯಿಂದ ವರ್ಗವಾಗಿ ಬಂದು, ಪಾರ್ಕಿನ ಹಿಂದೆ ಒಂದು ರೂಮು ಬಾಡಿಗೆಗೆ ಹಿಡಿದಿದ್ದ ಒಂಟಿ ಹೆಂಗಸು. ಲೆಕ್ಕದ ಟೀಚರು. ಅವರು ನಮ್ಮ ಮನೆಗೆ ಬಂದು ಹೇಳಿಕೊಡುವುದು ಸಾಧ್ಯವಿರಲಿಲ್ಲ, ಅಕ್ಕ ಅವರ ರೂಮಿಗೆ ಹೋಗುವುದು ಇನ್ನೂ ಸಾಧ್ಯವಿರಲಿಲ್ಲ. ದಾರಿ ತೆರೆದಿದ್ದು ದೊಡ್ಡಮ್ಮನ ಸಕ್ಕರೆ ಕಾಯಿಲೆ. ದಿನಾ ಸಂಜೆ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದರು. ದೊಡ್ಡಮ್ಮ ಒಬ್ಬರೇ ಹೋಗುವುದು ಹೇಗೆ, ಜೊತೆಗೆ ಮಗಳು.

ದೊಡ್ಡಮ್ಮನ ನಡಿಗೆ ಎಂದರೆ ಪಾರ್ಕಿನ ಗೇಟಿನಿಂದ ಮೂಲೆಯ ನೇರಳೆ ಮರದ ಕೆಳಗಿನ ಕಲ್ಲು ಬೆಂಚಿನವರೆಗೆ. ಅಲ್ಲಿ ಕುಸಿದು ಕೂತು, "ಆಯ್ತಲ್ಲ, ನಡದ್ನಲ್ಲ, ಇನ್ನು ಡಾಕ್ಟ್ರು ನಡೀಲಿ" ಎಂದು ಎಲೆಅಡಿಕೆ ಚೀಲ ಬಿಚ್ಚುತ್ತಿದ್ದರು. ಅವರ ಬಲಕ್ಕೆ ಟೀಚರಮ್ಮ, ಎಡಕ್ಕೆ ಅಕ್ಕ. ಅಕ್ಕನ ಚೀಲದೊಳಗಿನ ಹರಿವೆ ಸೊಪ್ಪಿನ ಕಟ್ಟಿನ ಅಡಿಯಿಂದ ಪುಸ್ತಕ ಹೊರಗೆ ಬರುತ್ತಿತ್ತು. ದಾರಿಯಲ್ಲಿ ಹೋಗುವವರಿಗೆ ಮೂರು ಹೆಂಗಸರು ಮಾತಾಡುತ್ತಾ ಕೂತ ಹಾಗೆ ಕಾಣಬೇಕು. ಆ ಕೋಟೆಗೆ ನಡುವಿನ ಗೋಡೆ ದೊಡ್ಡಮ್ಮ. ಬೀಜಗಣಿತದ ಸೂತ್ರಗಳು ಅವರ ತಲೆಯ ಮೇಲಿಂದಲೇ ಹಾರಾಡುತ್ತಿದ್ದವು.

ನನಗೆ ಇದು ಗೊತ್ತಿತ್ತು. ದೊಡ್ಡಮ್ಮನೇ ಹೇಳಿದ್ದರು. "ನಿಮ್ಮ ದೊಡ್ಡಪ್ಪನ ಕಿವಿಗೆ ಬಿತ್ತೋ, ನಿನ್ನ ಊಟಕ್ಕೆ ಉಪ್ಪು ಹಾಕಲ್ಲ ನೋಡು" ಎಂದು ಬೆದರಿಸಿಯೂ ಇದ್ದರು. ನಾನು ಯಾರಿಗೂ ಹೇಳಲಿಲ್ಲ. ಅಷ್ಟು ಮಾಡಿದ್ದೇ ದೊಡ್ಡ ಸಹಾಯ ಎಂದುಕೊಂಡಿದ್ದೆ. ಸಂಜೆ ಐದಕ್ಕೆ ಕಚೇರಿ ಮುಗಿಸಿ ಬರುವ ನಾನೇ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅವಳಿಗೆ ಇಂಗ್ಲಿಷನ್ನಾದರೂ ಹೇಳಿಕೊಡಬಹುದಿತ್ತು. ಆಗ ಅದು ಹೊಳೆಯಲೇ ಇಲ್ಲ.

ನಮ್ಮ ಕಡೆ ಜೂನಿನಿಂದ ಹಿಡಿದ ಮಳೆ ಪಾರ್ಕಿನ ಬೆಂಚಿನ ಮೇಲೆ ಪಾಚಿ ಬೆಳೆಸಿಬಿಡುತ್ತದೆ. ಕೂರುವುದೇನಿದ್ದರೂ ದೀಪಾವಳಿ ಕಳೆದ ಮೇಲೆ. ಹಾಗಾಗಿ ಅವರಿಗೆ ಸಿಗುತ್ತಿದ್ದುದು ವರ್ಷಕ್ಕೆ ಆರೇಳು ತಿಂಗಳು. ಮೊದಲ ವರ್ಷ ಹಾಗೆ ಕಳೆಯಿತು. ಎರಡನೆಯ ವರ್ಷ ಪರೀಕ್ಷೆಗೆ ಕಟ್ಟುವುದು ಎಂದು ನಿಶ್ಚಯವಾಗಿತ್ತು. ಪರಿಚಯದ ಹೈಸ್ಕೂಲಿನ ಮೂಲಕ ಟೀಚರಮ್ಮನೇ ಫಾರಂ ತರಿಸುವುದಾಗಿ ಹೇಳಿದ್ದರು. ಫಾರಂ ಮೇಲೆ ಹಾಕಲಿಕ್ಕೆಂದು ಅಕ್ಕ ಸಹಿ ಅಭ್ಯಾಸ ಮಾಡುತ್ತಿದ್ದಳು. ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲೆಲ್ಲ ಅವಳದ್ದೇ ಸಹಿ.

ಆ ದೀಪಾವಳಿಗೇ ಬಿಲ್ಲೆ ಬಂದದ್ದು.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯ ದನ ಕಾಯುವ ವಯಸ್ಸಿನಲ್ಲಿ ಅಡಿಕೆ ಹಾಳೆಯನ್ನು ಗುಂಡಗೆ ಕತ್ತರಿಸಿ ಎಸೆದಾಡಿದವನು. ಒಂದು ಭಾನುವಾರ ಅದನ್ನೇ ಕೊಂಚ ಮೇಲ್ಮಟ್ಟಕ್ಕೆ ಒಯ್ದ. ಎರಡು ಹಾಳೆ ನೆನೆಸಿ, ಬೆನ್ನಿಗೆ ಬೆನ್ನು ಕೂಡಿಸಿ, ದಬ್ಬಣದಲ್ಲಿ ಹೊಲಿದು, ಅಂಚಿಗೆ ಬೆತ್ತದ ಸೀಳು ಕಟ್ಟಿ, ಒರಳುಕಲ್ಲಿನ ಅಡಿಯಲ್ಲಿ ಎರಡು ದಿನ ಇಟ್ಟರೆ ಊಟದ ತಟ್ಟೆಯಷ್ಟು ಅಗಲದ, ಗಟ್ಟಿಯಾದ ಬಿಲ್ಲೆಯಾಗುತ್ತಿತ್ತು. ಮಣಿಕಟ್ಟು ತಿರುಗಿಸಿ ಬಿಟ್ಟರೆ ಹದ್ದಿನ ಹಾಗೆ ತೇಲಿಕೊಂಡು ಹೋಗುವುದು. ಪಾರ್ಕಿನ ಒಂಬತ್ತು ಮರಗಳಿಗೆ ಗೊಬ್ಬರ ಹೊರುವ ಹಳೆಯ ಬುಟ್ಟಿಗಳನ್ನು ಎದೆಯೆತ್ತರಕ್ಕೆ ಕಟ್ಟುವುದು, ಒಂದು ಮರದಿಂದ ಇನ್ನೊಂದು ಮರದ ಬುಟ್ಟಿಗೆ ಎಸೆಯುತ್ತಾ ಹೋಗುವುದು, ಒಂಬತ್ತೂ ಬುಟ್ಟಿ ಮುಗಿಸಲು ಯಾರಿಗೆ ಕಡಿಮೆ ಎಸೆತ ಸಾಕಾಯಿತೋ ಅವನು ಗೆದ್ದ. ಇದಿಷ್ಟೇ ಆಟ. ಮಳೆಗೆ ಬಿಲ್ಲೆ ಹಪ್ಪಳದಂತೆ ಮೆತ್ತಗಾಗುವುದರಿಂದ ಇದೂ ದೀಪಾವಳಿಯಿಂದ ಮುಂಗಾರಿನವರೆಗಿನ ಆಟವೇ.

ಹದಿನೈದು ದಿನದಲ್ಲಿ ಊರಿಗೆ ಹುಚ್ಚು ಹಿಡಿಯಿತು. ಪುರಸಭೆಯ ಮೆಂಬರೊಬ್ಬರನ್ನು ಹೋಗಿ ಕಂಡೆವು. ಲಂಟಾನ ಕಡಿಸಿ, ಮರ ಗುರುತು ಮಾಡಿ, ಬುಟ್ಟಿಗಳನ್ನು ಕಾಯಂ ಕಟ್ಟಿಸಿಕೊಡಲು ಅವರು ಒಪ್ಪಿದರು. ಒಂದೇ ಒಂದು ಮಾತು ಹೇಳಿದರು.

"ಹೆಂಗಸರು ಮಕ್ಕಳು ಓಡಾಡೋ ಜಾಗ ಮಾರಾಯ್ರೆ. ನಾಳೆ ಯಾರಾದ್ರೂ ತಕರಾರು ತೆಗೆದ್ರೆ ನನ್ನ ತಲೆಗೆ ಬರುತ್ತೆ. ಆಕ್ಷೇಪಣೆ ಇಲ್ಲ ಅಂತ ಒಂದು ಬರೆಸ್ಕಂಡು ಬನ್ನಿ. ಹೆಂಗಸರದ್ದೂ ಒಂದೆರಡು ಸಹಿ ಇರ್ಲಿ."

ಬರೆಯುವುದು ನನ್ನ ಕಸುಬು. 'ಸದರಿ ಉದ್ಯಾನವನಕ್ಕೆ ದಿನಂಪ್ರತಿ ಬರುವ ಮಹಿಳೆಯರದ್ದೂ ಯಾವುದೇ ಆಕ್ಷೇಪಣೆ ಇರುವುದಿಲ್ಲ' ಎಂದು ಮುದ್ದಾಗಿ ಬರೆದೆ. ಸಹಿಗೆ ಎಲ್ಲಿಗೆ ಹೋಗುವುದು? ಮನೆಗೆ ಹೋದೆ.

ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಕಾಗದ ಮುಂದೆ ಹಿಡಿದು, "ಅಕ್ಕಾ, ಇದ್ರಲ್ಲಿ ಒಂದು ಸಹಿ ಹಾಕು. ಪಾರ್ಕಲ್ಲಿ ಆಟಕ್ಕೆ. ನಿಂಗೇನೂ ತೊಂದ್ರೆ ಇಲ್ಲ ಅಲ್ದ?" ಎಂದೆ.

ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕಾಗದ ಹಿಡಿದುಕೊಂಡಳು. ಒಲೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಬಗ್ಗಿ ಅದನ್ನು ಮಗುಚಿ ಹಾಕಿದಳು.

"ನಂಗೆಂತ ತೊಂದ್ರೆ. ಎಲ್ಲಿ ಹಾಕ್ಬೇಕು?"

"ಇಲ್ಲಿ."

ಹಾಕಿದಳು. ಒಂದು ಅಕ್ಷರವೂ ಅಲುಗದ ದುಂಡು ಸಹಿ. "ಎಂತ ಸಹಿ ಮಾರಾಯ್ತಿ, ನಮ್ಮ ಸಾಹೇಬ್ರದ್ದೂ ಹಿಂಗಿಲ್ಲ" ಎಂದೆ. ನಕ್ಕಳು. ದೊಡ್ಡಮ್ಮನ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡು ಹೊರಟೆ.

ನಮ್ಮ ಮನೆಗಳಲ್ಲಿ ಗಂಡಸರು ಕಾಗದ ತಂದರೆ ಹೆಂಗಸರು ಸಹಿ ಹಾಕುವುದು ಊಟಕ್ಕೆ ಹಾಕಿದ ಎಲೆಗೆ ನೀರು ಚಿಮುಕಿಸಿದಷ್ಟೇ ಸಹಜ. ಗೇಣಿ ಜಮೀನಿನ ಡಿಕ್ಲರೇಷನ್ ಅರ್ಜಿಗೆ ದೊಡ್ಡಮ್ಮ ಹೆಬ್ಬೆಟ್ಟು ಒತ್ತಿದ್ದೂ ಹಾಗೆಯೇ, ಮಗಳ ಸಂಬಂಧಕ್ಕೆ ಹೂಂ ಎಂದದ್ದೂ ಹಾಗೆಯೇ. 'ತೊಂದರೆ ಇಲ್ಲ ಅಲ್ಲವಾ' ಎಂದು ನಾವು ಕೇಳುವುದು ಉತ್ತರ ಬೇಕೆಂದಲ್ಲ. ಉತ್ತರವನ್ನೂ ನಾವೇ ಸೇರಿಸಿ ಕೇಳಿರುತ್ತೇವೆ. ಅವರು ಅದನ್ನು ನಮಗೇ ವಾಪಸು ಕೊಡುತ್ತಾರೆ.

ಒಳ್ಳೆಯದನ್ನೂ ಹೇಳಬೇಕು, ಇಲ್ಲದಿದ್ದರೆ ಪಾಪ ಬರುತ್ತದೆ. ಲಂಟಾನದ ಪೊದೆಗಳಲ್ಲಿ ಇಸ್ಪೀಟು ಆಡಿ ಕುಡಿದು ಬೀಳುತ್ತಿದ್ದವರು ಜಾಗ ಖಾಲಿ ಮಾಡಿದರು. ಬಸ್ ಸ್ಟ್ಯಾಂಡಿನ ಕ್ಲೀನರುಗಳು, ಕಾಲೇಜಿನ ಹುಡುಗರು, ಗುಡಿಗಾರರ ಕೇರಿಯವರು, ಮಂಡಿ ಸಾಹುಕಾರರ ಮಕ್ಕಳು ಎಲ್ಲ ಒಂದೇ ಬಿಲ್ಲೆಗೆ ಕೈ ಹಚ್ಚಿದರು. ಒಬ್ಬರ ಮನೆಯ ಲೋಟ ಇನ್ನೊಬ್ಬರು ಮುಟ್ಟದ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಇಪ್ಪತ್ತು ವರ್ಷ ಕುರ್ಚಿ ಬಿಟ್ಟು ಏಳದ ನಮ್ಮ ಹೆಡ್ ಗುಮಾಸ್ತರು ಕಚ್ಚೆ ಕಟ್ಟಿ ಒಂಬತ್ತು ಮರ ಸುತ್ತಿದರು. ದುಡ್ಡು ಖರ್ಚಿಲ್ಲ, ಮೇಲು ಕೀಳಿಲ್ಲ. ಊರ ಕಡೆ ಹೋದಾಗ ತೀರ್ಥಹಳ್ಳಿಯವರಿಗೂ ಹೇಳಿಕೊಟ್ಟು ಬಂದೆ. ಸಣ್ಣಪುಟ್ಟ ನಷ್ಟ ಇತ್ತು. ಗುಲಾಬಿ ಪಾತಿ ತುಳಿದು ಹಾಳಾಯಿತು, ಪಾರ್ಕಿನ ರೇಡಿಯೋದಲ್ಲಿ ವಾರ್ತೆ ಕೇಳಲು ಬರುತ್ತಿದ್ದ ಮುದುಕರು ಗದ್ದಲಕ್ಕೆ ಬೈದುಕೊಂಡು ಹೋದರು. ನಾವು ಅದನ್ನು ನಷ್ಟ ಎಂದುಕೊಂಡಿರಲಿಲ್ಲ.

ಏಳನೆಯ ಬುಟ್ಟಿ ನೇರಳೆ ಮರಕ್ಕೆ ಬಿತ್ತು. ಅದನ್ನು ಆರಿಸಿದವನೂ ನಾನೇ. ಕಲ್ಲು ಬೆಂಚು ಅಡ್ಡ ಇದ್ದುದರಿಂದ ಬಿಲ್ಲೆಯನ್ನು ಬಾಗಿಸಿ ಎಸೆಯಬೇಕು, ಆಟಕ್ಕೆ ಅದೇ ರುಚಿ. ಹೆಂಗಸರು ಇನ್ನೊಂದು ಬೆಂಚಿಗೆ ಹೋಗುತ್ತಾರೆ, ಅದಕ್ಕೇನು?

ಮೊದಲ ಒಂದೆರಡು ವಾರ ಅವರು ಅಲ್ಲೇ ಕೂತರು. ಹುಡುಗರೇನೂ ಕೆಟ್ಟವರಲ್ಲ. "ಅಮ್ಮಾ, ಸ್ವಲ್ಪ ಕಾಲು ಎತ್ಕಳಿ", "ಅಕ್ಕಾ, ತಲೆ ಬಗ್ಗಿಸ್ಕಳಿ" ಎಂದು ಮರ್ಯಾದೆಯಿಂದಲೇ ಹೇಳುತ್ತಿದ್ದರು. ಬೆಂಚಿನ ಮೇಲೆ ಬಂದು ಬಿದ್ದ ಒಂದು ಬಿಲ್ಲೆಯನ್ನು ದೊಡ್ಡಮ್ಮ ಅಡಿಗೆ ಹಾಕಿಕೊಂಡು ಕೂತುಬಿಟ್ಟರು.

"ಅಮ್ಮಾ, ಬಿಲ್ಲೆ ಕೊಡಿ."

"ಎಂತ ಬಿಲ್ಲೆಯಾ? ನಾ ಕಾಣ್ಲಿಲ್ಲ."

"ನೀವು ಕೂತಿರೋದು ಅದ್ರ ಮೇಲೇ ಅಮ್ಮಾ."

"ಹೌದನಾ! ಎಬ್ಸಿ ತಗ ಹಂಗಾರೆ. ಡಾಕ್ಟ್ರಿಗೇ ಎಬ್ಸಕ್ಕಾಗ್ಲಿಲ್ಲ ನನ್ನ."

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅಕ್ಕ ಪುಸ್ತಕವನ್ನು ಸೊಪ್ಪಿನ ಅಡಿಗೆ ತಳ್ಳುತ್ತಿದ್ದುದು ನಗುತ್ತಿರುವಾಗಲೇ ಕಂಡಿತು. ಅವರ ಗುಟ್ಟು ನಿಂತಿದ್ದೇ ಯಾರೂ ಆ ಮೂಲೆಯನ್ನು ನೋಡುವುದಿಲ್ಲ ಎನ್ನುವುದರ ಮೇಲೆ. ಈಗ ಐದು ನಿಮಿಷಕ್ಕೊಮ್ಮೆ ಹತ್ತು ಗಂಡಸರ ಕಣ್ಣು ಆ ಮರದ ಬುಡಕ್ಕೇ. ಒಂದು ಸಾಲು ಓದುವುದು, ಮುಚ್ಚುವುದು, ತಲೆ ಬಗ್ಗಿಸುವುದು. ಕೊನೆಗೆ ರೇಡಿಯೋ ಕಂಬದ ಹತ್ತಿರದ ಬೆಂಚಿಗೆ ಎದ್ದು ಹೋದರು, ಅಲ್ಲಿ ಎಲ್ಲರ ಕಣ್ಣೆದುರು ಪುಸ್ತಕ ತೆಗೆಯುವ ಹಾಗೇ ಇರಲಿಲ್ಲ.

ಡಿಸೆಂಬರಿನ ಹೊತ್ತಿಗೆ ಟೀಚರಮ್ಮ ನನ್ನ ಕಚೇರಿಗೇ ಬಂದರು.

"ನಿಮ್ಮ ಆಟ ನಿಲ್ಲಿಸಿ ಅನ್ನಲ್ಲ. ಅದೊಂದು ಬುಟ್ಟಿಯನ್ನ ಆಚೆ ಮಾವಿನ ಮರಕ್ಕೆ ಕಟ್ಟಿ, ಸಾಕು. ಪರೀಕ್ಷೆಗೆ ಮೂರು ತಿಂಗಳಿದೆ. ಆಕೆ ಬೀಜಗಣಿತದಲ್ಲಿ ಈಗಷ್ಟೇ ದಾರಿಗೆ ಬಂದಿದಾಳೆ."

ಬರುವ ತಿಂಗಳು ಪಂದ್ಯ ಇತ್ತು. ತೀರ್ಥಹಳ್ಳಿಯಿಂದ ಒಂದು ತಂಡ, ಹೊಸನಗರದಿಂದ ಒಂದು ತಂಡ ಬರುವುದಿತ್ತು. ಅವರಿಗೆಲ್ಲ ಏಳನೆಯ ಬುಟ್ಟಿಯ ಕಷ್ಟವನ್ನು ಬಣ್ಣಿಸಿ ಕಾಗದ ಬರೆದಿದ್ದೆ. "ನೋಡಣ ಮೇಡಂ. ಪಂದ್ಯ ಒಂದು ಮುಗೀಲಿ, ಆಮೇಲೆ ಮೊದಲ ಕೆಲಸ ಅದೇ" ಎಂದೆ.

ಅವರು ಎದ್ದು ಹೋದರು. ಹೋಗಿದ್ದು ಮೆಂಬರ ಹತ್ತಿರ, ಒಂದು ಅರ್ಜಿ ಬರೆದುಕೊಂಡು. ಆಮೇಲೆ ಮೆಂಬರೇ ನಗುತ್ತಾ ನನಗೆ ಹೇಳಿದರು.

"ಯಾರೋ ಟೀಚರು ಬಂದಿದ್ರು ಮಾರಾಯ್ರೆ, ಹೆಂಗಸರಿಗೆ ತೊಂದ್ರೆ ಅಂತ. ಯಾವ ಹೆಂಗಸರಿಗೆ ತೊಂದ್ರೆ ಅಂದೆ. ನಿಮ್ಮ ಕಾಗದ ತೆಗೆದು ತೋರಿಸ್ದೆ. ಸಹಿ ನೋಡಿದ್ರು, ಇನ್ನೊಂದ್ಸಲ ನೋಡಿದ್ರು, ತಮ್ಮ ಅರ್ಜಿ ಮಡಚಿ ಬ್ಯಾಗಿಗೆ ಹಾಕ್ಕಂಡು ಹೋದ್ರು. ಒಳ್ಳೆ ಕೆಲಸ ಮಾಡಿದ್ರಿ ಬಿಡಿ ಬರೆಸಿದ್ದು."

ನನಗೂ ಹೌದೆನ್ನಿಸಿತು. ಕಾಗದಪತ್ರ ಸರಿಯಾಗಿದ್ದರೆ ಹೀಗೆ ಎಂದು ಕಚೇರಿಯಲ್ಲಿ ಹೇಳಿಕೊಂಡೆ ಕೂಡ.

ಮರುದಿನದಿಂದ ಟೀಚರಮ್ಮ ಪಾರ್ಕಿಗೆ ಬರಲಿಲ್ಲ. ಅಕ್ಕ ದೊಡ್ಡಮ್ಮನ ಜೊತೆ ರೇಡಿಯೋ ಕಂಬದ ಬೆಂಚಿನಲ್ಲಿ ಮೂರು ಸಂಜೆ ಕಾದಳು. ನಾಲ್ಕನೆಯ ಸಂಜೆ ದೊಡ್ಡಮ್ಮ ಕಾಲು ನೋವು ಎಂದು ಮನೆಯಲ್ಲೇ ಉಳಿದರು. ಯಾರೂ ಯಾರಿಗೂ ಬರಬೇಡ ಎನ್ನಲಿಲ್ಲ. ಅಕ್ಕ ಟೀಚರಮ್ಮನ ರೂಮಿಗೆ ಹೋಗಿ ಕೇಳಬಹುದಿತ್ತು, ಟೀಚರಮ್ಮ ನಮ್ಮ ಮನೆಗೆ ಬಂದು ಕೇಳಬಹುದಿತ್ತು. ಇಬ್ಬರಿಗೂ ಆ ದಾರಿ ಇರಲಿಲ್ಲ. ಇದ್ದಿದ್ದರೆ ಬೆಂಚಿನ ಮೇಲೆ ಯಾಕೆ ಓದುತ್ತಿದ್ದರು?

ದೊಡ್ಡಮ್ಮ ಒಂದೇ ದಿನ ಬಾಯಿ ಬಿಟ್ಟರು. ನಾನು ಬಿಲ್ಲೆಗೆ ಬೆತ್ತ ಕಟ್ಟುತ್ತಾ ಜಗಲಿಯಲ್ಲಿ ಕೂತಿದ್ದೆ.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಿದ್ರು ನಮ್ಮತ್ತೆ. ಯಾರಿಗೆ ಅಂತಿದ್ರೋ ಈಗ ಗೊತ್ತಾಯ್ತು."

"ಎಂತ ಆಯ್ತು ದೊಡ್ಡಮ್ಮ?"

"ಎಂತಾಗ್ಬೇಕು ಮಗಾ. ಕಟ್ಟು, ಕಟ್ಟು. ಬಿಗಿಯಾಗಿ ಕಟ್ಟು."

ಪಂದ್ಯ ಭರ್ಜರಿಯಾಗಿ ನಡೆಯಿತು. ಹೊಸನಗರದವರು ಗೆದ್ದರು. ಏಳನೆಯ ಬುಟ್ಟಿಯನ್ನು ಒಂದೇ ಎಸೆತಕ್ಕೆ ಹಾಕಿದ ಅವರ ಹುಡುಗನನ್ನು ಹೆಗಲ ಮೇಲೆ ಹೊತ್ತು ಮೆರೆಸಿದೆವು. ಕೊಟ್ಟ ಮಾತಿಗೆ ತಪ್ಪಬಾರದು ಎಂದು ಶಿವರಾತ್ರಿಗೆ ಮುಂಚೆ ನಾನೇ ಏಣಿ ಹಿಡಿದು ಬುಟ್ಟಿಯನ್ನು ಮಾವಿನ ಮರಕ್ಕೆ ಕಟ್ಟಿದೆ. ಮನೆಗೆ ಬಂದು, "ಅಕ್ಕಾ, ನಾಳೆಯಿಂದ ನಿಮ್ಮ ಬೆಂಚು ನಿಮ್ಗೆ" ಎಂದೆ.

ಅವಳು ಅಕ್ಕಿ ಆರಿಸುತ್ತಿದ್ದಳು. "ಆಯ್ತು ಬಿಡು" ಎಂದಳು.

ಫಾರಂ ತುಂಬುವ ಕೊನೆಯ ದಿನ ಅಷ್ಟರಲ್ಲಿ ಕಳೆದುಹೋಗಿತ್ತು. ಅದು ನನಗೆ ಗೊತ್ತಿರಲಿಲ್ಲ. ಸರ್ಕಾರಿ ಕಚೇರಿಯ ಗುಮಾಸ್ತ, ಊರಿನವರ ಎಲ್ಲ ಅರ್ಜಿಗಳ ಕೊನೆಯ ದಿನ ನನ್ನ ಬಾಯಲ್ಲೇ ಇರುತ್ತಿತ್ತು.

ಆ ಬೇಸಿಗೆಯಲ್ಲೇ ಟೀಚರಮ್ಮನಿಗೆ ವರ್ಗವಾಯಿತು. ಮುಂದಿನ ದೀಪಾವಳಿಗೆ ಹೊಸನಗರದ ಬೀಗರು ಮಗನಿಗೆ ಬೇರೆ ಹೆಣ್ಣು ತಂದರು. ದೊಡ್ಡಪ್ಪ ರಾಜಿಯ ಮಾತು ಬಿಟ್ಟರು. ಮಗಳು ಕೆಲಸಕ್ಕೆ ಹೋದರೆ ಹೋಗಲಿ ಎಂದರು. ಅಕ್ಕ ಬಾಲವಾಡಿಗೆ ಸೇರಿದಳು, ಆಯಾ ಆಗಿ. ಏಳನೆಯ ಕ್ಲಾಸಿಗೆ ಸಿಗುತ್ತಿದ್ದುದು ಅಷ್ಟೇ. ಉಪ್ಪಿಟ್ಟು ಕೆದಕುವುದು, ಮಕ್ಕಳ ಸಿಂಬಳ ಒರೆಸುವುದು. ಅವಳಿಗಿಂತ ಹತ್ತು ವರ್ಷ ಚಿಕ್ಕ ಹುಡುಗಿ ಟೀಚರು. "ಏ ಆಯಾ, ಮಕ್ಕಳನ್ನ ಒಳಗೆ ಕರಿ" ಎಂದು ಅವಳು ಕೂಗುತ್ತಿದ್ದುದನ್ನು ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುವಾಗ ಒಂದೆರಡು ಸಲ ಕೇಳಿದ್ದೇನೆ. ಆಮೇಲೆ ಬೇರೆ ರಸ್ತೆಯಲ್ಲಿ ಹೋಗುತ್ತಿದ್ದೆ.

ಬಿಲ್ಲೆಯಾಟವೂ ಹೆಚ್ಚು ದಿನ ಬಾಳಲಿಲ್ಲ. ಎಂಬತ್ತಮೂರರ ವಿಶ್ವಕಪ್ ಗೆದ್ದ ಮೇಲೆ ಹುಡುಗರ ಕೈಗೆ ಕ್ರಿಕೆಟ್ ಬ್ಯಾಟು ಬಂತು. ಬುಟ್ಟಿಗಳು ಎರಡು ಮಳೆಗಾಲಕ್ಕೆ ಕೊಳೆತು ಬಿದ್ದವು.

ಅದಾಗಿ ಎರಡು ವರ್ಷಕ್ಕೆ ಕಚೇರಿ ಕೆಲಸದ ಮೇಲೆ ಹೊಸನಗರಕ್ಕೆ ಹೋದವನು ಬಸ್ ಸ್ಟ್ಯಾಂಡಿನಲ್ಲಿ ಟೀಚರಮ್ಮನನ್ನು ಕಂಡೆ. ಕೂದಲು ನೆರೆತಿತ್ತು. ಗುರುತು ಹಿಡಿದು ಅವರೇ ಮಾತಾಡಿಸಿದರು. ಅಕ್ಕನ ವಿಷಯ ಕೇಳಿದರು, ಹೇಳಿದೆ.

"ಫಾರಂ ತಂದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ" ಎಂದರು. "ಆಕೆಯ ಸಹಿ ಒಂದೇ ಬಾಕಿ. ಆ ಸಹಿಯನ್ನ ಮೆಂಬರ ಮೇಜಿನ ಮೇಲೆ ನೋಡಿದೆ. ಈಕೆಗೆ ಓದುವ ಮನಸ್ಸಿಲ್ಲ, ನನಗೆ ನೇರ ಹೇಳಲಿಕ್ಕೆ ಸಂಕೋಚ, ಅದಕ್ಕೆ ಹೀಗೆ ಮಾಡಿದಾಳೆ ಅಂದುಕೊಂಡೆ. ನಂಗೂ ಅಭಿಮಾನ ಅಡ್ಡ ಬಂತು." ಬಸ್ಸು ಬಂತು. ಹತ್ತುವಾಗ ತಿರುಗಿ ಕೇಳಿದರು: "ಆಕೆ ಅದನ್ನ ಓದಿ ಸಹಿ ಹಾಕಿದ್ದಾ, ಓದದೇ ಹಾಕಿದ್ದಾ?"

"ಓದದೇ ಇರ್ಬೇಕು ಮೇಡಂ" ಎಂದೆ. ದಾರಿಯುದ್ದಕ್ಕೂ ಅದನ್ನೇ ನನಗೂ ಹೇಳಿಕೊಂಡೆ. ಓದದೇ ಹಾಕಿದ್ದರೆ ಅದು ನಮ್ಮ ಹೆಂಗಸರ ಅಭ್ಯಾಸದ ತಪ್ಪು. ನನ್ನ ಪಾಲು ಅಷ್ಟರಮಟ್ಟಿಗೆ ಕಡಿಮೆ.

ಮನೆ ಮುಟ್ಟಿದಾಗ ಅಕ್ಕ ಹಿತ್ತಿಲಲ್ಲಿ ಬಾಲವಾಡಿಯ ಪಾತ್ರೆ ಉಜ್ಜುತ್ತಿದ್ದಳು. ಟೀಚರಮ್ಮ ಸಿಕ್ಕಿದ್ದು, ಫಾರಮ್ಮಿನ ಸಂಗತಿ ಎಲ್ಲ ಹೇಳಿದೆ. ಅವಳ ಕೈ ಒಂದು ಕ್ಷಣ ನಿಂತಿತು.

"ತಂದಿದ್ರಾ ಫಾರಂ?"

"ತಂದಿದ್ರಂತೆ. ನೀನೇ ಬೇಡ ಅಂದೆ ಅಂತ ತಿಳ್ಕಂಡ್ರಂತೆ. ಅಕ್ಕಾ, ಅವತ್ತು ಕಾಗದ ಓದ್ದೇ ಸಹಿ ಹಾಕಿದ್ಯಲ್ಲ, ಒಂದ್ಸಲ ಓದ್ಬಾರ್ದಿತ್ತಾ?"

"ಓದಿದ್ದೆ" ಎಂದಳು.

ನಾನು ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಟ್ಟೆ.

"ಎರಡು ಸಲ ಓದಿದ್ದೆ. ರೊಟ್ಟಿ ಮಗುಚೋ ಮೊದ್ಲು ಒಂದ್ಸಲ, ಆಮೇಲೊಂದ್ಸಲ. ದಿನಂಪ್ರತಿ ಬರುವ ಮಹಿಳೆಯರು ಅಂತ ಬರ್ದಿದ್ದೆ ನೀನು. ನಾವೇ ಅಂತ ಗೊತ್ತಾಗ್ಲಿಲ್ಲ ಅನ್ಕಂಡ್ಯಾ?"

"ಹಂಗಾದ್ರೆ ಬೇಡ ಅನ್ಬಾರ್ದಿತ್ತಾ ಅಕ್ಕಾ? ಒಂದು ಮಾತು ಹೇಳಿದ್ರೆ..."

ಅವಳು ಪಾತ್ರೆಯನ್ನು ನೀರಿಗೆ ಅದ್ದಿ, ಬೂದಿ ತೊಳೆದು, ಕಲ್ಲಿನ ಮೇಲೆ ಬೋರಲು ಹಾಕಿದಳು. ಸಿಟ್ಟಿರಲಿಲ್ಲ ಮುಖದಲ್ಲಿ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿ ಇತ್ತು.

"ನೀನು ಅಷ್ಟು ಖುಷಿಯಾಗಿ ಬಂದಿದ್ದೆ" ಎಂದಳು. "ನಾ ಬೇಡ ಅಂದಿದ್ರೆ ಬಿಡ್ತಿದ್ಯಾ?"

"ಬಿಡ್ತಿದ್ದೆ" ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತಾ ಇನ್ನೊಂದು ಪಾತ್ರೆ ಎಳೆದುಕೊಂಡಳು.